ನಮ್ಮ ಹಳ್ಳದ ತಿಮಿಂಗಿಲ

ನನ್ನ ತಮ್ಮನ ಹೆಂಡತಿ ಸಮುದ್ರ ನೋಡಿದ್ದು ಮದುವೆಯಾದ ಹೊಸತರಲ್ಲಿ ಒಮ್ಮೆ, ಅದೂ ಬಸ್ಸಿನ ಕಿಟಕಿಯಿಂದ. ಹಾಗಿದ್ದೂ ಒಂದು ಸಂಜೆ ಅವಳು ತಿಮಿಂಗಿಲಕ್ಕಾಗಿ ಅತ್ತಳು.

ತೊಂಬತ್ತರ ದಶಕದ ಕೊನೆಯ ಮಾತಿದು. ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆಗಿದ್ದ ನಾನು ನಿವೃತ್ತಿಯಾಗಿ, ಗೋಣಿಬೀಡಿನ ಮೇಲ್ಗಡೆ ಇರುವ ತಮ್ಮನ ಕಾಫಿ ಎಸ್ಟೇಟಿಗೆ, ಅಂದರೆ ನಾನು ಹುಟ್ಟಿದ ಮನೆಗೇ, ಬಂದು ನೆಲೆಸಿದ್ದೆ. ಮದುವೆಯಾಗದ ಅಕ್ಕ ಮನೆಗೆ ಬಂದಳೆಂದು ತಮ್ಮ ಸಂತೋಷಪಟ್ಟ. ಜೊತೆಯಲ್ಲಿ ಮೇಟ್ರನ್ನೂ ಬಂದಿದ್ದಾಳೆಂದು ತಿಳಿಯಲು ಅವನಿಗೆ ಒಂದು ವಾರ ಹಿಡಿಯಿತು. ಅಷ್ಟರಲ್ಲಿ ನಾನು ಮನೆಯ ಗಡಿಯಾರಗಳೆಲ್ಲ ಒಂದೇ ಸಮಯ ತೋರಿಸುವಂತೆ ಮಾಡಿದ್ದೆ, ಒಬ್ಬೊಬ್ಬರ ಟವೆಲಿಗೆ ಒಂದೊಂದು ಮೊಳೆ ಗೊತ್ತುಮಾಡಿದ್ದೆ, ಏಳುವ ಹೊತ್ತಿಗೂ ಊಟದ ಹೊತ್ತಿಗೂ ಬಾರಿಸಲು ಹಿತ್ತಲ ಬಾಗಿಲಿಗೆ ಒಂದು ಗಂಟೆ ಕಟ್ಟಿಸಿದ್ದೆ. ಜ್ವರ ಬಂದವರಿಗಷ್ಟೇ ಇಂಥ ಶಿಸ್ತು ಸಾಲದೇ ಎಂದು ತಮ್ಮ ಕೇಳಿದ. ಜ್ವರ ಬಾರದಿರಲೆಂದೇ ಶಿಸ್ತು ಎಂದು ನಾನು ಹೇಳಿದೆ.

ಆ ಸಂಜೆ ಹೊರಗೆ ಜಡಿಮಳೆ. ಕರೆಂಟು ಹೇಗೋ ಇತ್ತು. ಹೊಸದಾಗಿ ಹಾಕಿಸಿದ್ದ ಡಿಶ್ಶಿನಲ್ಲಿ ಇಂಗ್ಲಿಷ್ ಕಾರ್ಯಕ್ರಮವೊಂದು ಬರುತ್ತಿತ್ತು. ಯಾವುದೋ ದೂರದ ಸಮುದ್ರದ ಒಂದು ಜಾತಿಯ ತಿಮಿಂಗಿಲ. ಅವು ಇನ್ನು ಕೆಲವೇ ಉಳಿದಿವೆಯಂತೆ. ಮೀನುಗಾರರ ಬಲೆಯ ಹಗ್ಗ ಮೈಗೆ ಸುತ್ತಿಕೊಂಡು ಕೆಲವು ಸಾಯುತ್ತವೆ, ಹಡಗುಗಳು ಗುದ್ದಿ ಕೆಲವು ಸಾಯುತ್ತವೆ. ಬೆನ್ನ ಮೇಲೆ ಗಾಯದ ಗೆರೆಗಳಿದ್ದ ಒಂದು ತಾಯಿಯನ್ನೂ ಅದರ ಮರಿಯನ್ನೂ ತೋರಿಸಿದರು. ನಾನು ಕನ್ನಡದಲ್ಲಿ ಅರ್ಥ ಹೇಳುತ್ತಾ ಹೋದೆ. ತಮ್ಮನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಡಗಿನವನಿಗೆ ಅಷ್ಟು ದೊಡ್ಡ ಪ್ರಾಣಿ ಕಾಣುವುದಿಲ್ಲವೇ ಎಂದು ಕೇಳಿದಳು. ಅವನಿಗೆ ಅವನ ಸರಕಿನದೇ ಚಿಂತೆ ಇರುತ್ತದೆ ಎಂದೆ. ತಮ್ಮ ಕುರ್ಚಿಯಲ್ಲಿ ಕೂತು ನಗುತ್ತಿದ್ದ. ಇವಳ ಕಣ್ಣೀರು ಹೇಮಾವತಿಗೆ ಸೇರಿ, ಕಾವೇರಿಗೆ ಸೇರಿ, ಸಮುದ್ರ ಮುಟ್ಟಿ ಆ ತಿಮಿಂಗಿಲಕ್ಕೆ ತಲುಪಲು ಎಷ್ಟು ದಿನ ಬೇಕು ಲೆಕ್ಕ ಹಾಕು ಅಕ್ಕ ಎಂದ. ಮಾರನೆಯ ದಿನದಿಂದ ಅವಳು ಮೀನಿಗೆ ಅನ್ನ ಹಾಕಲು ಹೊರಟಾಗಲೆಲ್ಲ, ತಿಮಿಂಗಿಲಕ್ಕೆ ಹಸಿವಾಯಿತೇನೋ ಎಂದು ಕೇಳುವುದು ಅವನಿಗೆ ಅಭ್ಯಾಸವಾಯಿತು.

ಆ ಮೀನಿನ ವಿಷಯ ಹೇಳಬೇಕು. ಎಸ್ಟೇಟಿನ ಕೆಳಗೆ ಒಂದು ಹಳ್ಳ ಹರಿದು ಹೇಮಾವತಿಗೆ ಸೇರುತ್ತದೆ. ಅದು ಒಂದು ದೊಡ್ಡ ಬಂಡೆಯನ್ನು ಬಳಸಿ ತಿರುಗುವಲ್ಲಿ ಆಳವಾದ ಮಡು. ಮಡುವಿನಲ್ಲಿ ಮೀನುಗಳು, ಅಂಗೈಯಗಲದ ಹುರುಪೆ, ಹೊಂಬಣ್ಣದ ಮೈ. ಪೇಟೆಯವರು ಮಹಶೀರ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅವು ದೇವರ ಮೀನು. ಬಂಡೆಯ ಪಕ್ಕ ಒಂದು ಕಲ್ಲಿದೆ, ಕುಂಕುಮ ಹಚ್ಚಿದ್ದು. ಬೇರೆ ಗುಡಿಯಿಲ್ಲ. ಈ ಮೀನು ಹೊಳೆಗಳಲ್ಲಿ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದೆ ಎಂದು ನಾನು ಪೇಪರಿನಲ್ಲಿ ಓದಿದ್ದೆ. ಮನೆಯ ಸೊಸೆ ಬೆಳಿಗ್ಗೆ ಮಾಡಿದ ಅನ್ನದಲ್ಲಿ ಮೊದಲ ಹಿಡಿಯನ್ನು ತೆಗೆದುಕೊಂಡು ಹೋಗಿ ಅವಕ್ಕೆ ಹಾಕುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಸೊಸೆ ಮಾತ್ರ. ನಾನು ಚಿಕ್ಕವಳಿದ್ದಾಗ ಹಾಕುತ್ತೇನೆಂದು ಹಟ ಹಿಡಿದರೆ ಅಮ್ಮ ಬಿಡುತ್ತಿರಲಿಲ್ಲ. ಹೆಣ್ಣುಮಕ್ಕಳು ಬೇರೆ ಮನೆಗೆ ಹೋಗುವವರು, ಹೋಗುವವರ ಕೈಯನ್ನು ಮೀನಿಗೆ ರೂಢಿ ಮಾಡಿಸಬಾರದು, ಆಮೇಲೆ ಅವು ಕಾಯುತ್ತವೆ ಅನ್ನುತ್ತಿದ್ದಳು. ನಾನು ಬೇರೆ ಮನೆಗೆ ಹೋಗಲಿಲ್ಲ, ಆಸ್ಪತ್ರೆಗೆ ಹೋದೆ. ಮೀನಿನ ದೃಷ್ಟಿಯಲ್ಲಿ ಎರಡೂ ಒಂದೇ.

ಅಮ್ಮನ ನಂತರ ಆ ಕೆಲಸ ತಮ್ಮನ ಹೆಂಡತಿಗೆ ಬಂತು. ಈ ಮನೆಗೆ ಬಂದ ಮೊದಲ ವರ್ಷ ತನ್ನ ಜೊತೆ ಮಾತಾಡಿದ್ದು ಆ ಮೀನುಗಳೇ ಎಂದು ಅವಳು ಒಮ್ಮೆ ಹೇಳಿದ್ದಳು. ನಮ್ಮ ಮನೆಯ ಗಂಡಸರ ಪೈಕಿ ಯಾರೂ ತಮಾಷೆ ಬಿಟ್ಟರೆ ಹೆಚ್ಚು ಮಾತಿನವರಲ್ಲವಾದ್ದರಿಂದ ನಾನು ನಂಬಿದೆ. ಎಲ್ಲಕ್ಕಿಂತ ದೊಡ್ಡದೊಂದು ಇತ್ತು. ಅದರ ಬಾಲದ ರೆಕ್ಕೆಯಲ್ಲಿ ಒಂದು ಕಚ್ಚು. ಅವಳು ಬಂಡೆಯ ಮೇಲೆ ಬಳೆ ಅಲ್ಲಾಡಿಸಿದರೆ ಸಾಕು, ಅದು ಬಂದು ಎಲ್ಲವನ್ನೂ ತಳ್ಳಿ ಮೊದಲ ತುತ್ತು ತಿನ್ನುತ್ತಿತ್ತು. ಟಿವಿ ನೋಡಿದ ಮೇಲೆ ಅದಕ್ಕೆ ತಿಮಿಂಗಿಲ ಎಂದು ಹೆಸರಾಯಿತು.

ಆ ವರ್ಷ ಮಳೆಗಾಲ ಮುಗಿದ ಮೇಲೆ ಕೆಟ್ಟ ಸುದ್ದಿ ಬಂತು. ಹೇಮಾವತಿಯ ಕೆಳಗಿನ ಮಡುವೊಂದರಲ್ಲಿ ಯಾರೋ ಜೀಪಿನಲ್ಲಿ ಬಂದು ತೋಟೆ ಹೊಡೆದರಂತೆ. ತೋಟೆ ಅಂದರೆ ಕಲ್ಲು ಸಿಡಿಸುವ ಮದ್ದು. ನೀರಿಗೆ ಎಸೆದರೆ ಸಣ್ಣದು ದೊಡ್ಡದು ಎಲ್ಲ ಹೊಟ್ಟೆ ಮೇಲಾಗಿ ತೇಲುತ್ತವೆ. ಹಿಡಿದವರು ದೊಡ್ಡದನ್ನು ಒಯ್ದು ಉಳಿದದ್ದನ್ನು ಬಿಟ್ಟುಹೋಗುತ್ತಾರೆ. ತಮ್ಮನ ಹೆಂಡತಿಗೆ ಊಟ ಸೇರಲಿಲ್ಲ. ನಮ್ಮ ಮಡುವಿಗೆ ರಸ್ತೆಯಿಂದ ಕಾಲುದಾರಿ ಇದೆ, ಯಾರು ಬೇಕಾದರೂ ಇಳಿಯಬಹುದು. ಅವಳು ನನ್ನ ಹತ್ತಿರ ಬಂದು ಏನಾದರೂ ಮಾಡಿ ಅತ್ತಿಗೆ ಎಂದಳು.

ಯಾರಾದರೂ ಹಾಗೆ ಕೇಳಲೆಂದು ನಾನು ನಿವೃತ್ತಿಯಾದ ದಿನದಿಂದ ಕಾಯುತ್ತಿದ್ದೆ. ಆಸ್ಪತ್ರೆಯಲ್ಲಿ ನರ್ಸುಗಳಿಗೆ ಹಾಕುತ್ತಿದ್ದ ಹಾಗೆಯೇ ಡ್ಯೂಟಿ ಹಂಚಿದೆ. ಕಾಲುದಾರಿ ಹಳ್ಳಕ್ಕೆ ಇಳಿಯುವ ಜಾಗದಲ್ಲಿ ಒಂದು ಕಲ್ಲುಬೆಂಚು ಇತ್ತು. ಬೆಳಿಗ್ಗೆ ಅವಳು, ಮಧ್ಯಾಹ್ನ ನಾನು, ಸಂಜೆ ಎಸ್ಟೇಟಿನ ರೈಟರು. ರೈಟರು ನಮ್ಮ ಅಪ್ಪನ ಕಾಲದಿಂದ ಲೆಕ್ಕ ಬರೆಯುತ್ತಿದ್ದವರು, ಯಾರು ಏನು ಹೇಳಿದರೂ ಹೌದು ಅನ್ನುವ ಮನುಷ್ಯ. ನಾನು ಡ್ಯೂಟಿ ಅಂದಾಗಲೂ ಹೌದು ಅಂದರು, ಇದೆಲ್ಲ ಹುಚ್ಚು ಎಂದು ತಮ್ಮ ಅಂದಾಗಲೂ ಹೌದು ಅಂದರು. ತಮ್ಮ ಮಾತ್ರ ಡ್ಯೂಟಿಗೆ ಒಪ್ಪಲಿಲ್ಲ. ಕುಯ್ಲಿನ ಕಾಲ, ಪಲ್ಪರ್ ಯಂತ್ರ ಓಡಿಸಬೇಕು, ನಿಮ್ಮ ತಿಮಿಂಗಿಲ ಕಾಯಲು ನನಗೆ ಪುರುಸೊತ್ತಿಲ್ಲ ಎಂದ. ಆದರೆ ಒಂದು ಸೀಟಿ ತಂದುಕೊಟ್ಟ.

ಸೀಟಿ ಒಮ್ಮೆ ಕೆಲಸಕ್ಕೆ ಬಂತು. ಒಂದು ಭಾನುವಾರ ಮಧ್ಯಾಹ್ನ ರಸ್ತೆಯಲ್ಲಿ ಜೀಪು ನಿಂತು ನಾಲ್ಕೈದು ಜನ ಕೆಳಗಿಳಿದರು. ನಾನು ಎದ್ದು ನಿಂತು ಸೀಟಿ ಊದಿದೆ. ಮನೆಯಲ್ಲಿ ಯಾರೋ ಹಿತ್ತಲ ಗಂಟೆ ಬಾರಿಸಿದರು, ಕಣದಲ್ಲಿದ್ದ ಆಳುಗಳೆಲ್ಲ ಓಡಿಬಂದರು. ಜೀಪಿನವರ ಚೀಲಗಳನ್ನು ನಾನೇ ತಪಾಸಣೆ ಮಾಡಿದೆ. ಚಕ್ಕುಲಿ, ಚಿತ್ರಾನ್ನ, ಒಂದು ಮಗುವಿನ ಬಟ್ಟೆ. ದೇವರಮನೆ ಗುಡ್ಡದ ಗುಡಿಗೆ ಹೊರಟು ದಾರಿ ತಪ್ಪಿದ ಸಂಸಾರವದು, ಕಾಲು ತೊಳೆದುಕೊಳ್ಳಲು ಇಳಿದಿದ್ದರು. ಮನೆಗೆ ಕರೆದು ಕಾಫಿ ಕೊಟ್ಟು ಸಮಾಧಾನ ಮಾಡಬೇಕಾಯಿತು. ಆಮೇಲೆ ಬಹಳ ದಿನ ತಮ್ಮ ಚಕ್ಕುಲಿ ಕಂಡಾಗಲೆಲ್ಲ, ಇದರಲ್ಲಿ ಮದ್ದಿಲ್ಲವಷ್ಟೆ ಅಕ್ಕ ಎಂದು ಕೇಳುತ್ತಿದ್ದ.

ಈಗ ತಮ್ಮನ ಪಾರ್ಚ್‌ಮೆಂಟಿನ ವಿಷಯ. ಕಾಫಿ ಹಣ್ಣನ್ನು ಇಡಿಯಾಗಿ ಒಣಗಿಸಿದರೆ ಅದು ಚೆರಿ. ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಿ, ತೊಟ್ಟಿಯಲ್ಲಿ ಬೀಜದ ಲೋಳೆಗೆ ಹುಳಿ ಬರಿಸಿ, ತೊಳೆದು ಒಣಗಿಸಿದರೆ ಅದು ಪಾರ್ಚ್‌ಮೆಂಟ್. ಚೆರಿಯನ್ನು ಯಾರು ಬೇಕಾದರೂ ಮಾಡುತ್ತಾರೆ. ಒಳ್ಳೆಯ ಪಾರ್ಚ್‌ಮೆಂಟ್ ಮಾಡುವುದಕ್ಕೆ ಕೈ ಬೇಕು, ನೀರು ಬೇಕು, ಸ್ವಲ್ಪ ಜಂಬವೂ ಬೇಕು. ನನ್ನ ತಮ್ಮನಲ್ಲಿ ಮೂರಕ್ಕೂ ಕೊರತೆಯಿರಲಿಲ್ಲ. ಕಾಫಿ ಬೀಜ ಹದಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ ಅವನ ಮಾಲನ್ನು ಅಂಗೈಯಲ್ಲಿ ಹರಡಿ ಬೇರೆಯವರಿಗೆ ತೋರಿಸುತ್ತಿದ್ದರಂತೆ. ಅವನ ಶರಟಿನ ಜೇಬಿನಲ್ಲಿ ಯಾವಾಗಲೂ ಒಂದು ಹಿಡಿ ಪಾರ್ಚ್‌ಮೆಂಟು. ಮದುವೆಮನೆಯಲ್ಲಿ, ಬ್ಯಾಂಕಿನಲ್ಲಿ, ಸಾವಿನ ಮನೆಯಲ್ಲಿಯೂ ಒಮ್ಮೆ, ತೆಗೆದು ತೋರಿಸಿದ್ದಾನೆ. ಬಟ್ಟೆ ಒಗೆಯಲು ಹಾಕುವ ಮೊದಲು ಜೇಬು ನೋಡುವುದು ನನ್ನ ಪದ್ಧತಿ. ಪ್ರತಿ ಸಲ ಒಂದು ಹಿಡಿ ಬೀಜ ತೆಗೆದು ಡಬ್ಬಕ್ಕೆ ಹಾಕುತ್ತಿದ್ದೆ.

ಜನವರಿ ಬಂತು. ಕುಯ್ಲು ಜೋರಾಗಿ ನಡೆದಿತ್ತು, ಹಳ್ಳದಲ್ಲಿ ನೀರು ಎಂದಿಗಿಂತ ಹೆಚ್ಚು ಇಳಿದಿತ್ತು. ಕಲ್ಲುಬೆಂಚಿನಲ್ಲಿ ಕೂತವರಿಗೆ ವಿಪರೀತ ವಾಸನೆ. ರೈಟರು ತಲೆನೋವು ಅಂದರು. ಕಾಫಿ ಸೀಮೆಯಲ್ಲಿ ಆ ತಿಂಗಳು ಆ ಹುಳಿ ವಾಸನೆ ಎಲ್ಲ ಕಡೆಯೂ ಇರುವುದೇ, ಯಾರೂ ಮೂಗೆತ್ತಿ ನೋಡುವುದಿಲ್ಲ. ನಾನು ಕರವಸ್ತ್ರಗಳಿಗೆ ನೀಲಗಿರಿ ಎಣ್ಣೆ ಹಾಕಿ, ಮಡಿಸಿ, ಡ್ಯೂಟಿಗೆ ಹೋಗುವವರಿಗೆ ಒಂದೊಂದು ಕೊಟ್ಟೆ. ಮೂಗಿಗೆ ಹಿಡಿದುಕೊಂಡು ನಾವು ರಸ್ತೆಯ ಕಡೆ ಮುಖ ಮಾಡಿ ಕಳ್ಳರನ್ನು ಕಾದೆವು.

ಒಂದು ಬೆಳಿಗ್ಗೆ ತಮ್ಮನ ಹೆಂಡತಿ ಅನ್ನದ ಬಟ್ಟಲನ್ನು ಹಾಗೆಯೇ ಹಿಡಿದುಕೊಂಡು ವಾಪಸು ಬಂದಳು. ನನ್ನನ್ನು ಕರೆದಳು, ನೇರವಾಗಿ ಪಲ್ಪರ್ ಮನೆಗೆ ಹೋಗಿ ತಮ್ಮನನ್ನೂ ಕರೆದಳು. ಮೂವರೂ ಇಳಿದೆವು. ಮಡುವಿನ ನೀರು ಹಳೆ ಕಷಾಯದ ಬಣ್ಣಕ್ಕೆ ತಿರುಗಿತ್ತು. ಮೀನುಗಳು ಮೇಲೆ ಬಂದು ಬಾಯಿ ತೆರೆದು ತೆರೆದು ಗಾಳಿ ಎಳೆಯುತ್ತಿದ್ದವು. ಉಸಿರಿಗಾಗಿ ಅಂಥ ಬಾಯಿ ನಾನು ವಾರ್ಡಿನಲ್ಲಿ ಎಷ್ಟೋ ನೋಡಿದ್ದೆ. ಸಣ್ಣವು ಕೆಲವು ದಡದಲ್ಲಿ ಬಿಳುಚಿಕೊಂಡು ಸತ್ತಿದ್ದವು. ಬಾಲದಲ್ಲಿ ಕಚ್ಚು ಇದ್ದ ದೊಡ್ಡದು ಎಲ್ಲಿಯೂ ಕಾಣಲಿಲ್ಲ. ಅವಳು ಬಳೆ ಅಲ್ಲಾಡಿಸಿದಳು. ಬರಲಿಲ್ಲ.

ಆಮೇಲೆ ಅವಳು ಕಲ್ಲುಬೆಂಚಿನ ಹತ್ತಿರ ಹೋಗಿ ಅದರ ಬುಡದಲ್ಲಿ ಬೆಳೆದಿದ್ದ ಜರಿಗಿಡಗಳನ್ನು ಕೈಯಿಂದ ಸರಿಸಿದಳು. ಬೆಂಚಿನ ಕೆಳಗೇ ಪಲ್ಪರಿನ ಚರಂಡಿ. ಲೋಳೆ ತೊಳೆದ ನೀರು ನೊರೆನೊರೆಯಾಗಿ ಹಳ್ಳಕ್ಕೆ ಬೀಳುತ್ತಿತ್ತು. ನಾವು ತಿಂಗಳುಗಟ್ಟಲೆ ಅದರ ಮೇಲೆ ಕೂತು ಕಾವಲು ಕಾದಿದ್ದೆವು. ಊರಿನವರ ಬಚ್ಚಲುಗಳನ್ನೆಲ್ಲ ತಪಾಸಣೆ ಮಾಡುವ ನಾನು ನನ್ನ ಬೆಂಚಿನ ಕೆಳಗೆ ಬಗ್ಗಿ ನೋಡಿರಲಿಲ್ಲ.

ಟಿವಿಯ ಮುಂದೆ ಅತ್ತವಳು ಅಂದು ಅಳಲಿಲ್ಲ. ತಮ್ಮನನ್ನು ನೋಡಿ ಕೇಳಿದಳು, "ಅಲ್ಲಿ ಹಡಗು ಗುದ್ದಿ ಸಾಯ್ತವೆ ಅಂದ್ರಲ್ಲ. ಇಲ್ಲಿ ಹಡಗು ಯಾರ್ದು?"

ತಮ್ಮ ತಿರುಗಿ ಮೇಲೆ ಹೋದ. ಸ್ವಲ್ಪ ಹೊತ್ತಿಗೆ ಪಲ್ಪರಿನ ಸದ್ದು ನಿಂತಿತು.

ನಿಲ್ಲಿಸಿದ್ದೇನೋ ನಿಲ್ಲಿಸಿದ. ಆದರೆ ಅರ್ಧ ಕುಯ್ಲು ಗಿಡದ ಮೇಲಿತ್ತು. ಅದನ್ನು ಇಡಿಯಾಗಿ ಒಣಗಿಸಿ ಚೆರಿ ಮಾಡುವುದೊಂದೇ ದಾರಿ. ಅವನ ಕಣದಲ್ಲಿ, ಅಪ್ಪನ ಕಾಲದಿಂದ ಬೆಳ್ಳಗೆ ಪಾರ್ಚ್‌ಮೆಂಟು ಹರಡುತ್ತಿದ್ದ ಕಣದಲ್ಲಿ, ಕಪ್ಪು ಚೆರಿ ಬಿತ್ತು. ಅವನು ಅದನ್ನು ಮೈಲಿಗೆಯ ಹಾಗೆ ನೋಡಿದ. ಕಣದ ಕಡೆಯ ಕಿಟಕಿ ಮುಚ್ಚಿ ಕೂತ. ಪಕ್ಕದ ಎಸ್ಟೇಟಿನವರು ಬಂದು, ಏನು ಗೌಡ್ರೆ, ಸೋಮಾರಿಯಾದಿರಾ ಎಂದು ನಕ್ಕಾಗ ಮೀನಿನ ವಿಷಯ ಎತ್ತಲಿಲ್ಲ, ಪಲ್ಪರಿನ ಬೆಲ್ಟು ಹೋಗಿದೆ ಎಂದ. ಹೌದು ಹೌದು, ಬೆಲ್ಟು ಹೋಗಿದೆ ಎಂದು ರೈಟರೂ ಸೇರಿಸಿದರು.

ಮುಂದಿನ ಕುಯ್ಲಿಗೆ ದಾರಿ ಹುಡುಕಬೇಕಿತ್ತು. ತೊಳೆದ ನೀರನ್ನು ಹಳ್ಳಕ್ಕೆ ಬಿಡದೆ ದೊಡ್ಡ ಗುಂಡಿಗಳಲ್ಲಿ ನಿಲ್ಲಿಸಿ, ಸುಣ್ಣ ಹಾಕಿ, ತಿಳಿಯಾದ ಮೇಲೆ ತೋಟಕ್ಕೆ ಹರಿಸಬಹುದು. ನೀರನ್ನೂ ಒಂದೇ ಸಲಕ್ಕೆ ಚೆಲ್ಲದೆ ಮತ್ತೆ ಬಳಸಬಹುದು. ಇದನ್ನೆಲ್ಲ ತಮ್ಮ ಮೊದಲೇ ಬಲ್ಲ. ಮಾಡಬೇಕೆಂದು ಸರ್ಕಾರದವರೂ ಹೇಳಿದ್ದರಂತೆ. ಹಾಗಾದರೆ ಯಾಕೆ ಮಾಡಲಿಲ್ಲ ಎಂದು ನಾನು ಕೇಳಿದೆ. ಅವನು ಒಂದು ವಾರದಲ್ಲಿ ಮೊದಲ ಬಾರಿ ನಕ್ಕ. ಪಲ್ಪರ್ ಮನೆಯಿಂದ ಕೆಳಗೆ, ಹಳ್ಳದಿಂದ ಮೇಲೆ, ಸಮತಟ್ಟಾದ ಜಾಗ ಇಡೀ ಎಸ್ಟೇಟಿನಲ್ಲಿ ಒಂದೇ ಇದೆ ಎಂದ.

ಅದು ನನ್ನ ತರಕಾರಿ ತೋಟ. ಬಂದ ವರ್ಷವೇ ಅಗೆಸಿ, ದಾರ ಕಟ್ಟಿ ಗೆರೆ ಎಳೆದು, ಬೀನ್ಸು, ನವಿಲುಕೋಸು, ಸೊಪ್ಪು ಎಲ್ಲವನ್ನೂ ವಾರ್ಡಿನ ಮಂಚಗಳ ಹಾಗೆ ಸಾಲಾಗಿ ಇಟ್ಟಿದ್ದೆ. ನೋಡಲು ಬಂದವರು ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. ಬೇರೆ ಜಾಗ ಇದ್ದೇ ಇರುತ್ತದೆ ಎಂದು ನಾನು ವಾದಿಸಿದೆ. ತಮ್ಮನನ್ನು ಕರೆದುಕೊಂಡು ಇಳಿಜಾರೆಲ್ಲ ಸುತ್ತಿದೆ. ಅವನು ಬಹಳ ತಾಳ್ಮೆಯಿಂದ ಸುತ್ತಿದ. ಪ್ರತಿ ತಿರುವಿನಲ್ಲೂ ನಿಂತು, ಇಲ್ಲಿ ತೋಡೋಣವಾ ಅಕ್ಕ, ಗುಂಡಿ ಉರುಳಿ ಹಳ್ಳಕ್ಕೆ ಬೀಳುತ್ತದೆ ಅಷ್ಟೆ ಎಂದು ಕೇಳುತ್ತಿದ್ದ. ಅವನ ಹೆಂಡತಿಯ ಹಡಗಿನ ಪ್ರಶ್ನೆ ನನ್ನ ಕಡೆಗೂ ತಿರುಗಬಹುದೆಂದು ನನಗೆ ಗೊತ್ತಿತ್ತು. ಬೀನ್ಸಿನ ಕೊನೆಯ ಕುಯ್ಲು ಮುಗಿದ ದಿನ ದಾರಗಳನ್ನು ಬಿಚ್ಚಿ, ಸುತ್ತಿ, ಒಳಗೆ ಇಟ್ಟೆ. ಗುಂಡಿಗಳ ಅಂಚಾದರೂ ನೇರವಾಗಿರಲಿ ಎಂದು ತೋಡುವವರ ತಲೆಯ ಮೇಲೆ ನಿಂತೆ.

ನೀರು ಬೇಗನೆ ತಿಳಿಯಾಯಿತು. ಸಣ್ಣ ಮೀನುಗಳು ಅನ್ನಕ್ಕೆ ಬರತೊಡಗಿದವು. ತಿಮಿಂಗಿಲ ಬರಲಿಲ್ಲ. ಮುಂಗಾರು ಬಂತು, ಹಳ್ಳ ಕೆಂಪಾಗಿ ಉಕ್ಕಿತು, ಇಳಿಯಿತು. ನೆರೆಯಲ್ಲಿ ಮೇಲಕ್ಕೆ ಹತ್ತಿ ಬರಬಹುದು ಎಂದು ತಮ್ಮನ ಹೆಂಡತಿ ಆಸೆ ಇಟ್ಟುಕೊಂಡಿದ್ದಳು. ದಿನವೂ ಅನ್ನ ಕೊಂಡುಹೋಗುವಳು, ಬಳೆ ಅಲ್ಲಾಡಿಸುವಳು, ಬರುವಳು. ಬಂತಾ ಎಂದು ನಾವು ಕೇಳುವುದನ್ನು ಬಿಟ್ಟೆವು. ತಿಮಿಂಗಿಲಕ್ಕೆ ಹಸಿವಾಯಿತೇನೋ ಅನ್ನುವುದನ್ನು ತಮ್ಮನೂ ಬಿಟ್ಟ. ಅವನು ತಮಾಷೆ ಬಿಟ್ಟಿದ್ದು ಮನೆಯಲ್ಲಿ ಎಲ್ಲರಿಗೂ ಹೆಚ್ಚು ಕಷ್ಟವಾಯಿತು.

ಮತ್ತೆ ಕುಯ್ಲು ಬಂತು. ಪಲ್ಪರ್ ಓಡಿತು, ನೀರು ಗುಂಡಿಗೆ ಹೋಯಿತು. ಒಂದೇ ನೀರನ್ನು ಮತ್ತೆ ಬಳಸಿದ್ದರಿಂದ ಪಾರ್ಚ್‌ಮೆಂಟಿನ ಬಣ್ಣ ಒಂದು ಚೂರು ಮಂಕಾಗಿದೆ ಎಂದು ತಮ್ಮ ಗೊಣಗಿದ. ನನಗೆ ವ್ಯತ್ಯಾಸ ಕಾಣಲಿಲ್ಲ. ನಿನ್ನ ಕಣ್ಣಿಗೆ ಬ್ಯಾಂಡೇಜೊಂದೇ ಬಿಳಿ ಎಂದ. ಗುಂಡಿಗಳು ಹಳ್ಳದ ಕಡೆ ಒಸರುತ್ತಿವೆಯೋ ಏನೋ ಎಂದು ಅವನಿಗೆ ಒಂದೇ ಅನುಮಾನ. ನಾವೆಲ್ಲ ಏಳುವ ಮೊದಲೇ ಎದ್ದು ಹೋಗಿ ನೋಡಿಕೊಂಡು ಬರತೊಡಗಿದ. ಅಷ್ಟು ವರ್ಷ ನನ್ನ ಗಂಟೆಗೆ ಏಳದವನು.

ಆಗ ಒಂದು ದಿನ ಬಟ್ಟೆಯ ಬುಟ್ಟಿಯಿಂದ ಅವನ ಶರಟು ತೆಗೆದು ಪದ್ಧತಿಯಂತೆ ಜೇಬಿಗೆ ಕೈಹಾಕಿದೆ. ಪಾರ್ಚ್‌ಮೆಂಟು ಇರಲಿಲ್ಲ. ಮಂಡಕ್ಕಿ ಇತ್ತು. ಮರುದಿನದ ಶರಟಿನಲ್ಲೂ ಮಂಡಕ್ಕಿ. ನನ್ನ ತಮ್ಮ ಮಂಡಕ್ಕಿ ತಿನ್ನುವವನಲ್ಲ, ಅದು ಹಲ್ಲಿಗೆ ಅಂಟುತ್ತದೆ ಅನ್ನುವವನು. ನಾನು ಅವನನ್ನು ಕೇಳಲಿಲ್ಲ. ವಾರ್ಡಿನಲ್ಲಿ ರೋಗಿಯ ದಿಂಬಿನಡಿ ಏನಾದರೂ ಸಿಕ್ಕರೆ ಕೇಳಬಾರದು, ಕಾದು ನೋಡಬೇಕು. ಅವನ ಹೆಂಡತಿಗೆ ಮಾತ್ರ, ನಾಳೆ ಬೇಗ ಎದ್ದು ನನ್ನ ಜೊತೆ ಬಾ ಎಂದೆ.

ಮಂಜು ಇನ್ನೂ ಹಳ್ಳದ ಮೇಲೆ ಕೂತಿತ್ತು. ನಾವಿಬ್ಬರೂ ಕಲ್ಲುಬೆಂಚಿನ ಹತ್ತಿರ ನಿಂತೆವು. ತಮ್ಮ ಬಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಜೇಬಿನಿಂದ ಮಂಡಕ್ಕಿ ತೆಗೆದು ತೆಗೆದು ನೀರಿಗೆ ಹಾಕುತ್ತಿದ್ದ. ಅವನ ಮುಂದೆ ನೀರು ಸುಳಿಸುಳಿಯಾಗಿ ತಿರುಗುತ್ತಿತ್ತು. ಒಮ್ಮೆ ಬಾಲವೊಂದು ಮೇಲೆ ಬಂದು ಬಡಿಯಿತು. ಅದರಲ್ಲಿ ಕಚ್ಚು ಇತ್ತು.

ತಮ್ಮ ಅದರ ಜೊತೆ ಮಾತಾಡುತ್ತಿದ್ದ. "ನಿಧಾನಕ್ಕೆ ತಿನ್ನು ಮಾರಾಯ. ನಿನ್ನ ದೆಸೆಯಿಂದ ನನ್ನ ಪಾರ್ಚ್‌ಮೆಂಟು ಹೋಯ್ತು, ನಮ್ಮಕ್ಕನ ಬೀನ್ಸು ಹೋಯ್ತು. ಒಂದು ವಾರದಿಂದ ಹೇಳ್ತಾ ಇದೀನಿ, ಅವಳಿಗೆ ಒಂದ್ಸಲ ಮುಖ ತೋರ್ಸೋಕೆ ಏನು ನಿಂಗೆ?"

ನನ್ನ ಪಕ್ಕದಲ್ಲಿದ್ದವಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಾಳೆ ಎಂದುಕೊಂಡೆ. ಅವಳು ಸೆರಗು ತೆಗೆದು ಮಾಮೂಲಿ ಧ್ವನಿಯಲ್ಲಿ ಹೇಳಿದಳು, "ನೀವು ಹೊಟ್ಟೆ ತುಂಬಾ ಹಾಕಿ ಕಳಿಸಿದ್ಮೇಲೆ ನನ್ನ ಅನ್ನಕ್ಕೆ ಯಾಕ್ ಬರ್ತದೆ?"

ತಮ್ಮ ಬೆಚ್ಚಿ ಎದ್ದ. ಕಾಲು ಜಾರಿ ಮೊಣಕಾಲಿನವರೆಗೆ ನೀರಿಗೆ ಹೋದ. ಜೇಬಿನಲ್ಲಿ ಉಳಿದ ಮಂಡಕ್ಕಿಯೆಲ್ಲ ಮಡುವಿಗೆ ಚೆಲ್ಲಿತು. ಅಷ್ಟನ್ನೂ ತಿಂದೇ ತಿಮಿಂಗಿಲ ಆಳಕ್ಕೆ ಹೋಯಿತು.

ಗುಂಡಿ ನೋಡಲು ಬಂದಾಗ ಒಮ್ಮೆ ನೆರಳು ಕಂಡಿತಂತೆ. ಅದೇ ಹೌದೋ ಅಲ್ಲವೋ ಖಾತ್ರಿಯಿರಲಿಲ್ಲ. ಹೆಂಡತಿಗೆ ಹೇಳಿ, ಅವಳು ಓಡಿಬಂದು, ಅದು ಬಾರದೇ ಹೋದರೆ ಎಂದು ಹೆದರಿದನಂತೆ. ಮೊದಲು ರೂಢಿ ಮಾಡಿಸಿ ಆಮೇಲೆ ತೋರಿಸೋಣ ಎಂದುಕೊಂಡನಂತೆ. ಒದ್ದೆ ಪಂಚೆ ಹಿಂಡುತ್ತಾ ಇದನ್ನೆಲ್ಲ ಹೇಳಿದ. ಅವಳು ಕೇಳಿಸಿಕೊಂಡಳು. ಮನೆಯ ಸೊಸೆ ಮಾತ್ರ ಹಾಕಬೇಕೆಂಬ ಪದ್ಧತಿ ಗೊತ್ತಿಲ್ಲವೇ ಎಂದು ನಾನು ಕೇಳಿದೆ. ಆಗಲಿ, ನಾಳೆಯಿಂದ ಸೆರಗು ಹೊದ್ದು ಬರುತ್ತೇನೆ ಎಂದ.

ಹಿಂದಿರುಗುವಾಗ ಅವಳು ತೀರ್ಮಾನ ಹೇಳಿದಳು. ಒಬ್ಬೊಬ್ಬರೂ ಗುಟ್ಟಾಗಿ ಹಾಕುತ್ತಾ ಹೋದರೆ ಮೀನು ಹೊಟ್ಟೆಯೊಡೆದು ಸಾಯುತ್ತದೆ, ಹಡಗೇ ಬೇಡ. ಡ್ಯೂಟಿ ಹಾಕಿಬಿಡಿ ಅತ್ತಿಗೆ, ದಿನಕ್ಕೆ ಒಬ್ಬರೇ ಎಂದಳು. ಅವರವರ ದಿನ ಅವರೇ ಆರಿಸಿಕೊಳ್ಳಲಿ ಎಂದೆ. ಅವಳು ವಾರದ ಹೆಚ್ಚಿನ ದಿನಗಳನ್ನು ಇಟ್ಟುಕೊಂಡಳು. ಗಂಡನಿಗೆ ಮಂಡಕ್ಕಿಯ ಸಮೇತ ಬುಧವಾರ ಕೊಟ್ಟಳು. ನಾನು ಮನೆಯ ಮಗಳು, ನನ್ನದು ಬೇಡ, ಅಮ್ಮ ಒಪ್ಪುತ್ತಿರಲಿಲ್ಲ ಎಂದೆ.

"ನೀವಿನ್ನು ಎಲ್ಲಿಗೂ ಹೋಗೋದಿಲ್ಲವಲ್ಲ ಅತ್ತಿಗೆ. ಅದು ಕಾದ್ರೆ ಕಾಯ್ಲಿ" ಎಂದಳು.

ನನಗೆ ಭಾನುವಾರ ಸಿಕ್ಕಿತು.